ಹೆಂಡತಿಯನ್ನು ಕೇಳದೆ ಬಿಟ್ಟ ಪ್ರಶ್ನೆ

ಎಕ್ಸ್‌ರೇ ಕೋಣೆಯ ಬಾಗಿಲು ತಳ್ಳಿದ ವಿದ್ಯಾಶ್ರೀ ಒಂದು ಹೆಜ್ಜೆ ಒಳಗಿಟ್ಟು ಅಲ್ಲೇ ನಿಂತುಬಿಟ್ಟಳು.

ಕಂಪ್ಯೂಟರಿನ ಮುಂದೆ ಕೂತಿದ್ದವನು ಮೃತ್ಯುಂಜಯ. ಅವಳ ಗಂಡ!

ಒಂದೂಕಾಲು ವರ್ಷದಿಂದ ಮುಖ ನೋಡದ ಗಂಡ. ಬರುವ ಸೋಮವಾರ ವಕೀಲರ ಮುಂದೆ ಕೂತು, ಒಪ್ಪಿ ಬೇರೆಯಾಗುತ್ತೇವೆ ಎಂಬ ಕಾಗದಕ್ಕೆ ಅವಳ ಜೊತೆ ಸಹಿ ಹಾಕಬೇಕಾದ ಗಂಡ.

'ಇವರು ಕಡೂರಿನಲ್ಲಲ್ಲವೇ ಇದ್ದದ್ದು? ತರೀಕೆರೆಗೆ ಯಾವಾಗ ಬಂದರು?'

ಮೂರು ವಾರದಿಂದ ಬಿಡದ ಕೆಮ್ಮಿಗೆ ಅಜ್ಜಂಪುರದ ಡಾಕ್ಟರು ಎದೆಯ ಎಕ್ಸ್‌ರೇ ಬರೆದುಕೊಟ್ಟಿದ್ದರು. ತಾಯಿ ಕರಿಬಸಮ್ಮನನ್ನು ಕರೆದುಕೊಂಡು ಅವಳು ಬೆಳಗಿನ ಬಸ್ಸಿಗೆ ಬಂದಿದ್ದಳು. ಅಮ್ಮ ಹೊರಗೆ ಬೆಂಚಿನ ಮೇಲಿದ್ದಳು, ಒಳಗೆ ಇವರಿಬ್ಬರೇ. ತಿರುಗಿ ಹೋಗದೆ ಅವಳು ಡಾಕ್ಟರ ಚೀಟಿಯನ್ನು ಮೇಜಿನ ಮೇಲಿಟ್ಟಳು.

ಅವನೂ ಬಿಳಿಚಿಕೊಂಡ. ಆದರೂ ಚೀಟಿ ಕೈಗೆ ತೆಗೆದುಕೊಂಡು, ಗುರುತಿಲ್ಲದವರಿಗೆ ಹೇಳುವಂತೆ ಶುರುಮಾಡಿದ.

"ಆ ಪರದೆ ಹಿಂದೆ ಗೌನ್ ಇದೆ, ಹಾಕ್ಕೊಂಡು ಬನ್ನಿ. ಸರ, ಸೇಫ್ಟಿ ಪಿನ್ನು ಎಲ್ಲಾ ತೆಗೀಬೇಕು. ಜಡೆ ಎತ್ತಿ ಕಟ್ಕೊಳ್ಳಿ, ಬೆನ್ನ ಮೇಲೆ ಬಿದ್ರೆ ಚಿತ್ರದಲ್ಲಿ ಬರುತ್ತೆ."

ಬನ್ನಿಯಂತೆ! ಕಟ್ಟಿಕೊಂಡವಳಿಗೆ ಎಂಥ ಮರ್ಯಾದೆ! ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಗೌನ್ ತೊಟ್ಟು ಬಂದವಳು ತಾಳಿ ತೆಗೆದು, ಕಣ್ಣಿಗೊತ್ತಿಕೊಂಡು, ಮೇಜಿನ ಮೇಲಿನ ತಟ್ಟೆಗಿಟ್ಟಳು.

"ಇನ್ನೂ... ಹಾಕ್ಕೊಂಡಿದ್ದೀಯಾ?" ಅವನ ಬಾಯಿಂದ ಜಾರಿಬಿತ್ತು.

"ಸೋಮವಾರದ ತನಕ ಹಾಕ್ಕೋಬೋದಲ್ಲ," ಎಂದಳು ಗೋಡೆ ನೋಡುತ್ತ.

ಅವನು ಪೆನ್ನು ಎತ್ತಿಕೊಂಡ.

"ಇನ್ನೊಂದು ಕೇಳ್ಬೇಕು... ಕೊನೇ ಸಲ ಮುಟ್ಟಾಗಿದ್ದು ಯಾವಾಗ? ಬಸುರಿ ಆಗಿರೋ ಸಾಧ್ಯತೆ ಏನಾದ್ರೂ..."

ಅವಳ ಕೋಪ ನೆತ್ತಿಗೇರಿತು. "ವರ್ಷದ ಮೇಲಾಯ್ತು ತವರಲ್ಲಿ ಬಿದ್ದಿದ್ದೀನಿ! ಈ ಮಾತು ಕೇಳೋಕೆ ನಿಮ್ಗೆ ನಾಲಿಗೆ ಹೆಂಗ್ ಬಂತ್ರೀ?"

"ಅನುಮಾನಕ್ಕಲ್ಲ ವಿದ್ಯಾ. ಬರೋ ಹೆಂಗಸ್ರನ್ನೆಲ್ಲಾ ಕೇಳ್ತೀನಿ. ಹೊಟ್ಟೇಲಿ ಮಗು ಇದ್ರೆ ಡಾಕ್ಟ್ರನ್ನ ವಿಚಾರಿಸದೆ ತೆಗೆಯೋ ಹಾಗಿಲ್ಲ. ನಿನ್ನೊಬ್ಬಳನ್ನೇ... ಅವತ್ತು ಕೇಳ್ಲಿಲ್ಲ."

ಅವತ್ತು!

ಆಗ ಅವನು ಕಡೂರಿನ ಒಂದು ಆಸ್ಪತ್ರೆಯಲ್ಲಿದ್ದ. ಬಚ್ಚಲಲ್ಲಿ ಜಾರಿ ಬಿದ್ದ ಹೆಂಡತಿಯನ್ನು ತಾನೇ ಕರೆದುಕೊಂಡು ಹೋಗಿ ಸೊಂಟದ ಎಕ್ಸ್‌ರೇ ತೆಗೆದಿದ್ದ. ಜೊತೆಯ ಕೆಲಸಗಾರರು ಬಾಗಿಲಲ್ಲಿ ನಿಂತು ಛೇಡಿಸುತ್ತಿದ್ದರು. ಊರ ಹೆಂಗಸರನ್ನೆಲ್ಲ ಅಳುಕದೆ ಕೇಳುವ ಪ್ರಶ್ನೆಯನ್ನು, ಮದುವೆಯಾಗಿ ನಾಲ್ಕೇ ತಿಂಗಳಾಗಿದ್ದ ಹೆಂಡತಿಯನ್ನು ಅವರೆದುರು ಕೇಳಲು ನಾಚಿ ನುಂಗಿಕೊಂಡ.

ಎರಡು ವಾರಕ್ಕೆ ಅವಳ ಗರ್ಭ ಕರಗಿತು. ಬಸುರಿಯಾಗಿದ್ದಳೆಂದು ಅವನಿಗೆ ತಿಳಿದದ್ದೇ ಆಗ.

ಆಮೇಲೆ ಅವನು ಅವಳ ಜೊತೆ ಸರಿಯಾಗಿ ಮಾತೇ ಆಡಲಿಲ್ಲ. 'ಮಗು ಉಳಿಸಿಕೊಳ್ಳಲಿಲ್ಲವೆಂದು ನನ್ನ ಮೇಲೆ ಸಿಟ್ಟು' ಎಂದುಕೊಂಡು ಅವಳು ತವರು ಸೇರಿದಳು. ಕರೆಯಲು ಅವನು ಬರಲಿಲ್ಲ.

"ಇಲ್ಲ," ಎಂದಳು ಈಗ, ದನಿ ತಗ್ಗಿಸಿ. "ಬಸುರಿ ಅಲ್ಲ. ಮುಟ್ಟಾಗಿ ಆರು ದಿನ ಆಯ್ತು. ಬರ್ಕೊಳ್ಳಿ."

ಅವನು ಬರೆದುಕೊಂಡ. ಅವಳು ಪ್ಲೇಟಿಗೆ ಎದೆ ತಾಗಿಸಿ, ಗಲ್ಲ ಎತ್ತಿ, ಕೈ ಸೊಂಟಕ್ಕಿಟ್ಟು ನಿಂತಳು.

"ಜೋರಾಗಿ ಉಸಿರು ಎಳ್ಕೋ... ಹಂಗೇ ಹಿಡ್ಕೋ... ಆಯ್ತು, ಬಿಡು."

ನಾಲ್ಕಾರು ಸೆಕೆಂಡಿಗೆ ಚಿತ್ರ ಕಂಪ್ಯೂಟರಿನ ಪರದೆಗೆ ಬಂತು. ಅವನ ಕಣ್ಣು ತುಂಬಿತ್ತು. ಅವಳು ಹೆದರಿದಳು.

"ಏನಿದೆ ರೀ ಎದೇಲಿ?"

"ಹೇಳೋದು ಡಾಕ್ಟ್ರ ಕೆಲಸ. ನೀನೇನೂ ಹೆದರ್ಬೇಡ. ಅದಕ್ಕಲ್ಲ..." ಅವನು ತಡವರಿಸಿದ. "ನಮ್ಮ ಮಗೂನ ನಾನೇ ಕಳೆದೆ ವಿದ್ಯಾ."

"ಎಕ್ಸ್‌ರೇಯಿಂದ ಹೋಗಿದ್ದಲ್ಲ ಅಂತ ಡಾಕ್ಟ್ರೇ ಹೇಳಿದ್ರಲ್ಲ!"

"ಗೊತ್ತು. ನಾನೂ ಓದಿದೋನೇ. ಆದ್ರೂ ಕೇಳ್ಲಿಲ್ವಲ್ಲ ಅಂತ ಮನಸ್ಸು ಕೊರೀತಿತ್ತು. ನಿನ್ನ ಮುಖ ನೋಡೋ ಧೈರ್ಯ ಬರ್ಲಿಲ್ಲ. ಆ ರೂಮಿಗೆ ಕಾಲಿಡೋಕೂ ಆಗ್ದೆ ಕಡೂರೇ ಬಿಟ್ಟೆ."

ಅಂದರೆ ಸಿಟ್ಟು ನನ್ನ ಮೇಲಲ್ಲ! ಇಷ್ಟು ದಿನ ಇವರು ತಮ್ಮನ್ನೇ ಸುಟ್ಟುಕೊಂಡಿದ್ದಾರೆ!

ವಿದ್ಯಾಶ್ರೀ ಕುರ್ಚಿ ಎಳೆದು ಅವನೆದುರು ಕೂತಳು. ಅಮ್ಮನಿಗೂ ಹೇಳದ ಮಾತೊಂದು ಅವಳೊಳಗೂ ಇತ್ತು.

"ನೀವು ಕೇಳಿದ್ರೂ ನಾನು ಹೇಳ್ತಿರ್ಲಿಲ್ವೇನೋ ರೀ. ಮುಟ್ಟು ಹತ್ತು ದಿನ ಮುಂದಕ್ಕೆ ಹೋಗಿದ್ದು ನಂಗೆ ಗೊತ್ತಿತ್ತು. ನಮ್ಮನೇಲಿ ಮೊದಲು ಹೆತ್ತಮ್ಮಂಗೆ ಹೇಳೋದು, ಆಮೇಲೆ ಗಂಡಂಗೆ. ಭಾನುವಾರ ಅಜ್ಜಂಪುರಕ್ಕೆ ಹೋಗೋಣ ಅಂತ ಕಾಯ್ತಿದ್ದೆ. ಆ ಮೇಜಿನ ಮೇಲೆ ಮಲಗಿದ್ದಾಗ ಬಾಯಿಗೆ ಬಂದಿತ್ತು... ನುಂಗ್ಬಿಟ್ಟೆ. ನನ್ನ ತಪ್ಪು ನಿಮ್ಗೆ ಗೊತ್ತಾಗಿದೆ, ಅದಕ್ಕೇ ಮಾತಾಡ್ತಿಲ್ಲ ಅಂದ್ಕೊಂಡಿದ್ದೆ."

ಇಬ್ಬರೂ ಅತ್ತರು. ಕಳೆದುಕೊಂಡ ಮಗುವಿಗಾಗಿ ಒಟ್ಟಿಗೆ ಅತ್ತದ್ದು ಇವತ್ತೇ ಮೊದಲು.

ಬಾಗಿಲು ಸರಿಯಿತು. "ಯಾಕೇ ಇಷ್ಟೊತ್ತು..." ಎನ್ನುತ್ತ ಇಣುಕಿದ ಕರಿಬಸಮ್ಮ ಅಳಿಯನನ್ನು ಕಂಡು ಬಾಗಿಲಲ್ಲೇ ನಿಂತಳು.

"ಅಮ್ಮಾ, ಸೋಮವಾರ ನಾವು ಬರಲ್ಲ ಅಂತ ವಕೀಲರಿಗೆ ಹೇಳ್ಸು."

"ನಾವು ಅಂದ್ರೆ ಯಾರೇ?"

"ನಾನು... ಇವರು."

ಕರಿಬಸಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು ಮೆಲ್ಲಗೆ ಬಾಗಿಲು ಹಾಕಿದಳು.

"ಇಲ್ಲಿ ಮನೆ ಎಲ್ಲಿ ಮಾಡಿದ್ದೀರಿ?" ಎಂದಳು ವಿದ್ಯಾಶ್ರೀ.

"ಬಸ್ ಸ್ಟ್ಯಾಂಡ್ ಹಿಂದೆ. ಒಂದೇ ರೂಮು. ನಿಂಗೆ ಸಾಲಲ್ಲ."

"ಸಾಲುತ್ತೋ ಇಲ್ವೋ ನಾನು ನೋಡ್ತೀನಿ. ಕರ್ಕೊಂಡ್ಹೋಗಿ."

"ಹೊರಗೆ ಇನ್ನೂ ಎಂಟು ಜನ ಇದ್ದಾರೆ ವಿದ್ಯಾ..."

"ಮುಗಿಸ್ಕೊಂಡೇ ಬನ್ನಿ," ಎಂದು ಅವಳು ಅವನ ಕಣ್ಣೊರೆಸಿದಳು. "ನಂಗೆ ಆ ಮನೆ ದಾರಿ ಗೊತ್ತಿಲ್ಲ. ನೀವು ಬರೋ ತನಕ ಕೂತಿರ್ತೀನಿ."