ಮದುವೆ ಮನೆಯಲ್ಲಿ ಹಾಕದ ರೆಕಾರ್ಡು

"ರೆಕಾರ್ಡಿನ್ಯಾಗ ಹಾಡವರಂತ... ನೀವೂ ಒಂದು ಅನ್ರಿ."

ಕನ್ಯೆ ನೋಡಲು ಬಂದವರು ಕನ್ಯೆಯ ಬಾಯಲ್ಲಿ ಹಾಡು ಕೇಳುವುದು ಕನ್ನೊಳ್ಳಿಯ ರೂಢಿ. ಶೇವಂತೆವ್ವ ಬೀಸುವ ಪದ ಹಾಡಿ ಮುಗಿಸಿ, ತಲೆ ಎತ್ತಿ ವರನಿಗೇ ಹೀಗೆ ಕೇಳಿಬಿಟ್ಟಳು.

ದೇವಣಗಾಂವದ ಮಾಳಿಂಗಪ್ಪ ಬೆವರಿದ. ಹೆದರಿಕೆಯಲ್ಲಿ ಬಾಯಿಗೆ ಬಂದದ್ದು, ಊರೂರ ಮದುವೆಯ ಮೈಕಿನಲ್ಲಿ ಮೊಳಗುತ್ತಿದ್ದ ಅವನದೇ ಪದ. ಹೆಂಡತಿಯನ್ನು ಅಣಕಿಸಿ ಮಂದಿಯನ್ನು ನಗಿಸುವಂಥದು. ನಡುವೆ ಕಣ್ಣು ಬೇರೆ ಹೊಡೆದ! ಹಿರಿಯರು ಎಲೆ-ಅಡಿಕೆಯ ತಟ್ಟೆ ನೋಡುತ್ತ ಕೂತರು.

"ನಾ ಒಲ್ಲೆ ಯವ್ವಾ," ಎಂದಳು ಒಳಗೆ ಹೋಗಿ. "ಇವಗ ಹೆಂಡತಿ ಅಂದ್ರ ನಗಿಚಾಟಿಕಿ."

ಆ ಮಾತು ಪಡಸಾಲೆಗೂ ಕೇಳಿಸಿತು.

ಮೂರು ವರ್ಷ ಕಳೆದು ಎಪ್ಪತ್ತಾರನೆಯ ಇಸವಿ ಬಂತು. ಶೇವಂತೆವ್ವ ಸಿಂದಗಿಯಲ್ಲಿ ಬಾಡಿಗೆ ಕೋಣೆ ಹಿಡಿದು ಹೊಲಿಗೆ ಕಲಿಸುತ್ತಿದ್ದಳು. ಒಂದು ಮಧ್ಯಾಹ್ನ, ಎದುರಿನ ಗೈಬುಸಾಬನ ಮೈಕಿನ ಅಂಗಡಿಯಿಂದ ತಗ್ಗಿದ ದನಿಯೊಂದು ತೇಲಿ ಬಂತು. ಹೊಲದಿಂದ ಬಂದವನು ತನ್ನ ಮನೆಯ ಕೀಲಿ ತಾನೇ ತೆಗೆದು, ಒಳಗೆ ಯಾರೂ ಇಲ್ಲದಿದ್ದರೂ 'ಬಂದೆ' ಅನ್ನುವ ಹಾಡು.

ಮಷಿನ್ನು ನಿಂತಿತು. 'ನಾನೂ ದಿನಾ ಹಾಗೇ ಅಂತೀನಲ್ಲ... ಹಾಡಿದವರಿಗೆ ಹೇಗೆ ಗೊತ್ತಾಯಿತು?'

"ಯಾರದ್ರಿ ಕಾಕಾ?"

"ದೇವಣಗಾಂವದ ಮಾಳಿಂಗಪ್ಪಂದವ್ವ. ಈ ರೆಕಾರ್ಡಿನ ನಾಕೂ ಪದ ಹಿಂಗ. ಮದುವ್ಯಾಗ ಹಾಕಿದ್ರ ಬೀಗರು ಎದ್ದು ಹೊಕ್ಕಾರ. ಬಾಡಿಗಿಗಿ ಯಾರೂ ಒಯ್ಯವಲ್ರು. ಸಂತಿ ದಿನ ತಾನ ಬಂದು ವಾಪಸ್ ಒಯ್ತಾನಂತ."

"ಎರಡೂ ಮಗ್ಗಲು ಇನ್ನೊಮ್ಮೆ ಹಾಕ್ರಿ."

ಸಂತೆಯ ದಿನ ಅವಳು ಅಂಗಡಿಯ ಬಾಕಿನ ಮೇಲೆ ಕೂತಿದ್ದಳು. ಮಾಳಿಂಗಪ್ಪ ಅವಳನ್ನು ಕಂಡು ಹೊಸ್ತಿಲಲ್ಲೇ ನಿಂತ. ಗೈಬುಸಾಬನಿಗೆ ಅದೇ ಗಳಿಗೆಯಲ್ಲಿ ಚಹಾ ತರುವುದು ನೆನಪಾಯಿತು.

"ಅವತ್ತು ತಪ್ಪಾತ್ರಿ. ಮಂದಿ ನಗಲಿಲ್ಲಂದ್ರ ಹಾಡು ಬಿದ್ದಂಗ ಅಂದ್ಕೊಂಡಿದ್ನಿ."

"ನಂದೂ ತಪ್ಪೈತ್ರಿ. ಒಂದ ಪದ ಕೇಳಿ ಮನಿಶ್ಯಾನ ಅಳದ್ನಿ." ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡು ಕೇಳಿದಳು, "ಎಲ್ಲೆರ ಕನ್ಯಾ ಗೊತ್ತಾಗೇತ್ರೇನು?"

"ಕೇಳವರಿದ್ರು. ಆದ್ರ ನೀವು ಒಲ್ಲೆ ಅಂದ ದನಿ ಕಿವಿ ಬಿಟ್ಟು ಹೋಗಲಿಲ್ಲರಿ..."

ಅವಳು ಬೆರಳಿಗೆ ಸುತ್ತಿದ ಸೆರಗು ಬಿಡಿಸಿದಳು. 'ಈಗ ಸುಮ್ಮನಿದ್ದರೆ ಮತ್ತೆ ಮೂರು ವರ್ಷ.'

"ನಾಳಿಗಿ ನಮ್ಮಪ್ಪನ್ನ ದೇವಣಗಾಂವಕ್ಕ ಕಳಸ್ತೇನಿ."

"ಅವರ ಸಿಟ್ಟು ಇಳದೈತೇನ್ರಿ?"

"ಅವರದು ನನ್ನ ಸಲುವಾಗಿ ಇತ್ತು. ನಂದು ಇಳದೈತಿ."

ಮಾಳಿಂಗಪ್ಪ ಹೊಸ್ತಿಲು ದಾಟಿ ಒಳಗೆ ಬಂದ.

"ಇಲ್ಲಿ... ಕುಂದರಲೇನ್ರಿ?"

ಶೇವಂತೆವ್ವ ಬಾಕಿನ ಮೇಲೆ ಸರಿದು ಜಾಗ ಮಾಡಿದಳು. "ಕುಂದರ್ರಿ. ನಿಮ್ಮೂರ ಬಸ್ಸಿಗಿ ಇನ್ನಾ ಹೊತ್ತೈತಿ."