ಹೊಲಿಗೆ ಹೊರಗಿದ್ದ ಚೀಲ

ಜುಲೈ 9, ಮಂಗಳವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಬಿಳಿ ಬಟ್ಟೆಯ ಎರಡು ಪುಟ್ಟ ಚೀಲಗಳನ್ನು ಹೆಡ್ ಕಾನ್‌ಸ್ಟೇಬಲ್‌ನ ಮೇಜಿನ ಮೇಲಿಟ್ಟಳು.

“ಏನಮ್ಮ, ವ್ಯಾಪಾರಕ್ಕೆ ಬಂದ್ರಾ?”

“ಹೊಲಿಯೋದು ನನ್ನ ಕಸುಬು. ಹಾವು ಕಚ್ಚಿ ಸತ್ತಿದ್ದು ನಮ್ಮಕ್ಕ.”

ಹೆಡ್ ಕಾನ್‌ಸ್ಟೇಬಲ್ ಎದ್ದು ಇನ್ಸ್‌ಪೆಕ್ಟರ್ ಕೊಠಡಿಯ ಬಾಗಿಲು ತೆರೆದ.

ಪ್ರಕರಣ ಇನ್ಸ್‌ಪೆಕ್ಟರ್‌ಗೆ ನೆನಪಿತ್ತು. ಸತ್ತವಳಿಗೆ ನಲವತ್ತಮೂರು ವರ್ಷ. ಮಳೆಕಾಡಿನ ಹಾವು, ಹಲ್ಲಿ, ಕಪ್ಪೆ, ಸೊಂಡಿಲಿಗಳ ಲೆಕ್ಕ ಹಾಕುವ ಸರ್ವೆ ತಂಡದ ಮುಖ್ಯಸ್ಥೆ. ಜೂನ್ 27ರ ಬೆಳಗಿನ ಜಾವ ಕಟ್ಟುಹಾವಿನ ಮರಿಯೊಂದು ಬಲಗೈ ಬೆರಳಿಗೆ ಕಚ್ಚಿ, ಆಸ್ಪತ್ರೆಯ ದಾರಿಯಲ್ಲಿ ತೀರಿಕೊಂಡಿದ್ದಳು. ಅಸಹಜ ಸಾವು ಎಂದು ದಾಖಲಾಗಿ ಕಡತ ಮುಚ್ಚಿತ್ತು.

“ಸರ್ವೆ ಮಾಡಿಸೋ ಸಂಸ್ಥೆಯವರು ವರದಿಯಲ್ಲಿ ಬರೆದಿದ್ದಾರೆ, ವಿಷದ ಗುರುತಿನ ಕೆಂಪು ಟೇಪು ಕಟ್ಟಿದ್ದ ಚೀಲವನ್ನೇ ಬಿಚ್ಚಿದಳು, ಸಾವಿಗೆ ಅವಳ ಅಜಾಗರೂಕತೆಯೇ ಕಾರಣ ಅಂತ. ಆ ಸಾಲು ಸುಳ್ಳು.”

“ಹೇಗೆ ಹೇಳ್ತೀರಿ?”

ಅವಳು ಒಂದು ಚೀಲ ಎತ್ತಿ ಹಿಡಿದಳು. “ಇವನ್ನೆಲ್ಲ ಹೊಲಿದವಳು ನಾನು. ಹೊಲಿಗೆ ಒಳಗಿದ್ರೆ ಚೀಲದಲ್ಲಿ ಪ್ರಾಣಿ ಇದೆ. ಪ್ರಾಣಿನ ಬಿಟ್ಟ ಮೇಲೆ ಒಳಹೊರಗು ಮಾಡ್ತಾರೆ. ಹೊಲಿಗೆ ಹೊರಗಿದ್ರೆ ಖಾಲಿ. ಇರುವೆ, ಚೇಳು ನುಗ್ಗದ ಹಾಗೆ ಖಾಲಿ ಚೀಲಕ್ಕೂ ಗಂಟು ಹಾಕಿರ್ತಾರೆ. ಅದಕ್ಕೇ ಗಂಟು ನಂಬಬೇಡ, ಹೊಲಿಗೆ ನಂಬು ಅಂತಿದ್ದಳು ಅಕ್ಕ. ಮನೇಲಿ ದಿಂಬಿನ ಕವರೂ ಒಳಹೊರಗು ಮಾಡೇ ಮಡಚ್ತಿದ್ದಳು. ನಾನು ಆಡಿಕೊಂಡು ನಗ್ತಿದ್ದೆ.”

“ಯಾರ ಮೇಲಾದರೂ ಅನುಮಾನ?”

“ಇಲ್ಲ.”

“ಮತ್ತೆ ದೂರು ಯಾರ ಮೇಲೆ?”

“ಆ ಸಾಲಿನ ಮೇಲೆ.”

11.45ಕ್ಕೆ ಎಫ್‌ಐಆರ್ ದಾಖಲಾಯಿತು.

ಮರುದಿನ ಬೆಳಿಗ್ಗೆ 9.30ಕ್ಕೆ ಇನ್ಸ್‌ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೇಬಲ್ ಸರ್ವೆ ಶಿಬಿರ ತಲುಪಿದರು. ತಗಡಿನ ಮಾಡಿನ ಒಂದು ಕೋಣೆ, ಉದ್ದನೆಯ ಮೇಜು, ತಕ್ಕಡಿ, ಉದ್ದ ಅಳೆಯುವ ಎರಡು ಮೊನೆಯ ಕ್ಯಾಲಿಪರ್. ಹೊರಗೆ ಮರದಿಂದ ಮರಕ್ಕೆ ಎರಡು ಹಗ್ಗ. ಅಲ್ಲಿಂದ ಒಳಕ್ಕೆ ಕಾಡಿನ ನೆಲದಲ್ಲಿ ಬಾಯಿ ಮಟ್ಟದವರೆಗೆ ಹೂತ ಬಕೆಟ್‌ಗಳ ಸಾಲು. ರಾತ್ರಿ ಬಕೆಟ್‌ಗೆ ಬಿದ್ದದ್ದನ್ನು ಬೆಳಗಾಗುವ ಮೊದಲೇ ಚೀಲಕ್ಕೆ ಹಾಕಿ ತಂದು, ಅಳೆದು, ತೂಗಿ, ಹಿಡಿದಲ್ಲಿಯೇ ಬಿಡುವುದು ಇವರ ಕೆಲಸ.

ತಂಡದಲ್ಲಿ ಉಳಿದವರು ಇಬ್ಬರು. ದಾಖಲೆ ಬರೆಯುವ ಸಂಶೋಧಕಿ, ಮೂವತ್ತರ ಆಸುಪಾಸು. ಇನ್ನೊಬ್ಬ ಅರವತ್ತೊಂದು ವರ್ಷದ ಸಹಾಯಕ. ಚೀಲದೊಳಗಿನ ಪ್ರಾಣಿ ಯಾವುದೆಂದು ಹೊರಗಿನಿಂದ ಮುಟ್ಟಿಯೇ ಹೇಳುತ್ತಿದ್ದನಂತೆ. ಅದಕ್ಕೇ ಎಲ್ಲರ ಬಾಯಲ್ಲಿ ‘ಬೆರಳಣ್ಣ’.

ಬೆರಳಣ್ಣ ಚಹಾ ತಂದ. ಲೋಟದ ಅಂಚು ಹಿಡಿಯಲು ಹೋದ ಹೆಡ್ ಕಾನ್‌ಸ್ಟೇಬಲ್ ಕೈ ಹಿಂದೆಳೆದುಕೊಂಡ.

“ಬೆಂಕಿ ಇದ್ದಂಗಿದೆ. ನಿಮಗೆ ಸುಡಲ್ವಾ ಅಣ್ಣಾ?”

“ದುಡಿದ ಕೈ ಸ್ವಾಮಿ, ದಪ್ಪ ಚರ್ಮ.”

“ನಮ್ಮ ಸಾಹೇಬರಿಗೂ ದಪ್ಪ ಚರ್ಮ. ಆದ್ರೆ ಅದು ಕೈಯದಲ್ಲ.”

ಇನ್ಸ್‌ಪೆಕ್ಟರ್ ನಗಲಿಲ್ಲ. ಅವರು ಹಗ್ಗಗಳನ್ನು ನೋಡುತ್ತಿದ್ದರು.

“ಎರಡು ಹಗ್ಗ ಯಾಕೆ?”

ಸಂಶೋಧಕಿ ಹೇಳಿದಳು. “ಒಂದು ಪ್ರಾಣಿ ಇರೋ ಚೀಲಕ್ಕೆ, ಇನ್ನೊಂದು ಖಾಲಿಗೆ. ಅಣ್ಣ ತಂದು ರಾಶಿ ಹಾಕ್ತಾರೆ. ನಾನು ಹೊಲಿಗೆ ನೋಡಿ ತೂಗುಹಾಕ್ತೀನಿ.”

“ಹಾವಿನ ಚೀಲ ಯಾವ ಹಗ್ಗದಲ್ಲಿತ್ತು?”

“ನೆನಪಿಲ್ಲ ಸಾರ್. ಎಷ್ಟೋ ದಿನ ಕೂತು ಯೋಚಿಸಿದೀನಿ. ಪೆನ್ಸಿಲ್‌ನಷ್ಟು ದಪ್ಪದ ಮರಿ, ತೂಕವೇ ಗೊತ್ತಾಗಲ್ಲ.”

“ಕಚ್ಚಿದ ಮೇಲೆ?”

“ನಾನು ಜೀಪು ಕರೆಯೋಕೆ ಓಡಿದೆ. ಗಾಡಿ ಬರೋಕೆ ನಲವತ್ತು ನಿಮಿಷ ಆಯ್ತು. ಅಷ್ಟು ಹೊತ್ತೂ ಮೇಡಂ ಹತ್ರ ಅಣ್ಣ ಒಬ್ಬರೇ ಇದ್ದರು.”

12.10ಕ್ಕೆ ಪಂಚನಾಮೆ ಆಯಿತು. ಸಂಸ್ಥೆಯವರು ಅಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದ ಚೀಲ, ಕೆಂಪು ಟೇಪು, ದಾಖಲೆ ಪುಸ್ತಕ ವಶಕ್ಕೆ ಬಂದವು. ಚೀಲದ ಹೊಲಿಗೆ ನಿಯಮದಂತೆ ಒಳಗೇ ಇತ್ತು. ಆದರೆ ಹೊರಮೈಯ ಕೆಳಮೂಲೆಯಲ್ಲಿ ಸುಣ್ಣ ಒಣಗಿದಂಥ ಬಿಳಿ ಕಲೆ ಇತ್ತು.

“ಇದೇನು?”

ಸಂಶೋಧಕಿ ಬಗ್ಗಿ ನೋಡಿದಳು. “ಹಾವಿನ ಹಿಕ್ಕೆ. ಚೀಲದಲ್ಲಿಟ್ಟರೆ ಸಾಮಾನ್ಯ...” ಮಾತು ನಿಂತಿತು. ಹಾವು ಇದ್ದದ್ದು ಚೀಲದ ಒಳಗೆ. ಕಲೆ ಇದ್ದದ್ದು ಹೊರಗೆ.

ಬೆರಳಣ್ಣ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದ.

ಜುಲೈ 16ರಂದು ಪ್ರಯೋಗಾಲಯದ ವರದಿ ಬಂತು: ಕಲೆ ಹಾವಿನದೇ, ಬಟ್ಟೆಯ ಒಂದೇ ಮುಖದಲ್ಲಿದೆ. ಅಂದರೆ ಹಾವು ಒಳಗಿದ್ದಾಗ ಹೊಲಿಗೆ ಹೊರಗಿತ್ತು. ಖಾಲಿ ಎಂದು ನಂಬಿ, ಒಳಹೊರಗು ಮಾಡಲು ಅವಳು ಕೈ ತೂರಿಸಿದ್ದಳು. ಆಮೇಲೆ ಯಾರೋ ಚೀಲವನ್ನು ತಿರುಗಿಸಿ ಟೇಪು ಕಟ್ಟಿದ್ದರು.

ಅಂದು ಮಧ್ಯಾಹ್ನವೆಲ್ಲ ಇನ್ಸ್‌ಪೆಕ್ಟರ್ ದಾಖಲೆ ಪುಸ್ತಕ ಓದಿದರು. ಪ್ರತಿ ನಮೂದಿನಲ್ಲೂ ಸಮಯ, ಪ್ರಾಣಿ, ಉದ್ದ, ತೂಕ, ಚೀಲ ಕಟ್ಟಿದವರ ಹೆಸರಿನ ಮೊದಲಕ್ಷರ. ಹಿಂದಿನ ವರ್ಷದ ಏಪ್ರಿಲ್‌ನಿಂದ ಕೆಲವು ನಮೂದುಗಳ ಅಂಚಿನಲ್ಲಿ ಪೆನ್ಸಿಲ್ಲಿನ ಸಣ್ಣ ಚುಕ್ಕೆ. ಬೆರಳಣ್ಣ ಕಟ್ಟಿದ ಚೀಲಗಳಿಗೆ ಮಾತ್ರ. ಚುಕ್ಕೆಗಳ ಬಗ್ಗೆ ಸಂಶೋಧಕಿಗೆ ಏನೂ ಗೊತ್ತಿರಲಿಲ್ಲ. ಪುಸ್ತಕದ ಕೊನೆಯ ಪುಟದಲ್ಲಿ ಸತ್ತವಳ ಕೈಬರಹದ ಒಂದು ಸಾಲಿತ್ತು: “ಚುಕ್ಕೆ = ನಾನು ಮತ್ತೆ ನೋಡಿ ಕಟ್ಟಿದ್ದು. ಅಣ್ಣನಿಗೆ ತಿಳಿಯಬಾರದು.”

ಜೂನ್ 27ರ ಮೂವತ್ತೊಂದನೇ ನಮೂದು ಕಟ್ಟುಹಾವಿನ ಮರಿ; ಉದ್ದ, ತೂಕದ ಜಾಗ ಖಾಲಿ. ಕಟ್ಟಿದವರು ಬೆರಳಣ್ಣ. ಅಲ್ಲಿ ಚುಕ್ಕೆ ಇರಲಿಲ್ಲ. ಖಾಲಿ ಚೀಲಗಳ ಹಗ್ಗಕ್ಕೆ ಹೋಗಿದ್ದ ಆ ಚೀಲ ಅವಳ ಪರೀಕ್ಷೆಗೆ ಬಂದೇ ಇರಲಿಲ್ಲ.

ಜುಲೈ 17, ಬೆಳಿಗ್ಗೆ 11 ಗಂಟೆ. ಬೆರಳಣ್ಣ ಠಾಣೆಯ ಬೆಂಚಿನ ಅಂಚಿನಲ್ಲಿ ಕೂತಿದ್ದ.

“ಈ ಕೆಲಸಕ್ಕೆ ಸೇರಿ ಎಷ್ಟು ವರ್ಷ?”

“ಇಪ್ಪತ್ತೊಂಬತ್ತು.”

“ಮೇಡಂ ಬಂದದ್ದು?”

“ಇಪ್ಪತ್ತೆರಡು ವರ್ಷದ ಹುಡುಗಿ ಆಗ. ಕಪ್ಪೆ ಹಿಡಿಯೋಕೆ ನಾನೇ ಕಲಿಸಿದ್ದು. ಹಿಚುಕಬಾರದು, ಜಾರಲೂಬಾರದು ಅಂತ.”

“ಕಣ್ಣು ಮುಚ್ಚಿ.”

ಇನ್ಸ್‌ಪೆಕ್ಟರ್ ಸತ್ತವಳ ತಂಗಿ ಕೊಟ್ಟಿದ್ದ ಎರಡು ಚೀಲಗಳನ್ನು ಅವನ ಎರಡು ಕೈಗಿತ್ತರು. “ಯಾವುದರ ಹೊಲಿಗೆ ಹೊರಗಿದೆ?”

ಹೆಬ್ಬೆರಳು ಬಟ್ಟೆಯ ಮೇಲೆ ಹೋಗಿ ಬಂತು, ಮತ್ತೆ ಹೋಯಿತು. ಒಂದು ನಿಮಿಷದ ಮೇಲೆ ಅವನು ಬಲಗೈ ಚೀಲವನ್ನು ತುಟಿಯ ಹತ್ತಿರ ತಂದ. ಇನ್ಸ್‌ಪೆಕ್ಟರ್ ಮೆಲ್ಲಗೆ ಮಣಿಕಟ್ಟು ಹಿಡಿದರು.

“ಕೈಯಲ್ಲೇ ಹೇಳಿ ಅಣ್ಣ.”

“ಎಡಗಡೆದು.”

ಎರಡರ ಹೊಲಿಗೆಯೂ ಒಳಗಿತ್ತು.

ಅವನು ಕಣ್ಣು ಬಿಟ್ಟು ನೋಡಿದ. ಚೀಲಗಳನ್ನು ಮಡಚಿ ಮೇಜಿನ ಮೇಲಿಟ್ಟ.

“ಎಷ್ಟು ದಿನದಿಂದ ಹೀಗೆ?”

“ಎರಡು ವರ್ಷ. ಸಕ್ಕರೆ ಕಾಯಿಲೆ. ಮೊದಲು ಕಾಲಿಗೆ ಬಂತು, ಆಮೇಲೆ ಕೈಗೆ. ತುಟಿಗೆ ತಗಲಿಸಿದ್ರೆ ಗೊತ್ತಾಗುತ್ತೆ, ಹಂಗೇ ನಡೆಸ್ಕೊಂಡು ಬಂದೆ.”

“ಅವತ್ತು ಯಾಕೆ ತಗಲಿಸಲಿಲ್ಲ?”

“ನೆಗಡಿ. ನೆಗಡಿಯಾದವರು ಪ್ರಾಣಿ ಮುಟ್ಟೋವಾಗ ಬಾಯಿಗೆ ಬಟ್ಟೆ ಕಟ್ಟಬೇಕು ಅಂತ ಅವಳದೇ ನಿಯಮ. ಕಣ್ಣು ಹಾವಿನ ತಲೆ ಮೇಲಿರಬೇಕು. ಚೀಲನ ಕೈಗೆ ಬಿಟ್ಟೆ. ಟೇಪು ಶಿಬಿರಕ್ಕೆ ಬಂದ ಮೇಲೆ ಕಟ್ಟೋಣ ಅಂದ್ಕೊಂಡು ಮರೆತೆ.”

“ಆಮೇಲೆ ತಿರುಗಿಸಿದ್ದು?”

ಅವನು ಮೇಜಿನ ಮೇಲಿನ ಚೀಲಗಳನ್ನು ಮತ್ತೊಮ್ಮೆ ಮಡಚಿದ.

“ಅವಳ ರೆಪ್ಪೆ ಇಳಿದುಬಿಟ್ಟಿತ್ತು ಸಾರ್. ಎಚ್ಚರ ಇಲ್ಲ ಅಂದ್ಕೊಂಡೆ. ಗೊತ್ತಾದ್ರೆ ನನ್ನ ಕಾಡಿಗೆ ಬಿಡಲ್ಲ. ಬೆರಳಿಲ್ಲದ ಮೇಲೆ ಬೆರಳಣ್ಣ ಯಾವ ಲೆಕ್ಕ? ಸತ್ತವರನ್ನ ಯಾರೂ ಕೆಲಸದಿಂದ ತೆಗೆಯಲ್ಲ ಅನ್ನಿಸಿತು.”

ಆ ಹಾವಿನ ವಿಷ ರೆಪ್ಪೆಯನ್ನು ಇಳಿಸುತ್ತದೆ, ಪ್ರಜ್ಞೆಯನ್ನಲ್ಲ ಎಂದು ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಹೇಳಿದ್ದರು. ಇನ್ಸ್‌ಪೆಕ್ಟರ್ ಅದನ್ನು ಅವನಿಗೆ ಹೇಳಲಿಲ್ಲ. ದಾಖಲೆ ಪುಸ್ತಕದ ಕೊನೆಯ ಪುಟ ತೆಗೆದು ಮುಂದಿಟ್ಟರು.

ಅವನು ಆ ಸಾಲನ್ನು ಎರಡು ಸಲ ಓದಿದ.

“ಗೊತ್ತಿತ್ತಾ ಅವಳಿಗೆ?” ಎಂದ. “ಒಂದು ಮಾತು ಹೇಳಬಹುದಿತ್ತು.”

“ನೀವೂ ಹೇಳಬಹುದಿತ್ತು ಅಣ್ಣ,” ಎಂದ ಹೆಡ್ ಕಾನ್‌ಸ್ಟೇಬಲ್.

ಮಧ್ಯಾಹ್ನ 1.05ಕ್ಕೆ ಬಂಧನವಾಯಿತು: ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದದ್ದು, ಸಾಕ್ಷ್ಯ ತಿದ್ದಿದ್ದು. ಹೇಳಿಕೆಯ ಕೆಳಗೆ ಅವನು ಸಹಿ ಹಾಕುವಾಗ ಪೆನ್ನು ಎರಡು ಸಲ ಬಿತ್ತು.

ಇನ್ಸ್‌ಪೆಕ್ಟರ್ ತಾವೇ ಸತ್ತವಳ ತಂಗಿಯ ಟೈಲರ್ ಅಂಗಡಿಗೆ ಹೋಗಿ ವಿಷಯ ತಿಳಿಸಿದರು. ಅವಳು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೇಳಿದಳು.

“ವರದಿಯ ಸಾಲು?”

“ತೆಗೀತೀವಿ ಅಂತ ಸಂಸ್ಥೆಯವರು ಬರೆದುಕೊಟ್ಟಿದ್ದಾರೆ.”

ಅವಳು ಹಿಂದಿನ ಕಪಾಟಿನಿಂದ ಅರ್ಧ ಹೊಲಿದ ಗಂಡಸರ ಅಂಗಿಯೊಂದನ್ನು ತೆಗೆದಳು. “ಪ್ರತಿ ವರ್ಷ ಬೆರಳಣ್ಣನಿಗೆ ಅಂತ ಒಂದು ಅಂಗಿ ಹೊಲಿಸ್ತಿದ್ದಳು ಅಕ್ಕ. ಈ ಸಲ ಗುಂಡಿ ಬೇಡ, ಒತ್ತಿದ್ರೆ ಅಂಟೋ ಪಟ್ಟಿ ಹಾಕು ಅಂದಳು. ಯಾಕೆ ಅಂತ ನಾನು ಕೇಳಲೇ ಇಲ್ಲ.”

ಜುಲೈ 18ರಂದು ಆರೋಪಿಯ ವೈದ್ಯಕೀಯ ಪರೀಕ್ಷೆ ನಡೆಯಿತು. ಬೆರಳ ಸ್ಪರ್ಶ ಅಳೆಯಲು ವೈದ್ಯರಿಗೆ ಎರಡು ಮೊನೆಯ ಉಪಕರಣ ಬೇಕಿತ್ತು. ಆಸ್ಪತ್ರೆಯಲ್ಲಿ ಸಿಗಲಿಲ್ಲ. ಕಪ್ಪೆ ಅಳೆಯುವ ಕ್ಯಾಲಿಪರನ್ನು ಸಂಶೋಧಕಿ ಕಳಿಸಿಕೊಟ್ಟಳು. ಅದನ್ನು ಕಂಡು ಬೆರಳಣ್ಣ ತಾನಾಗಿಯೇ ಕೈ ಚಾಚಿದ. ಸಾಮಾನ್ಯ ಬೆರಳ ತುದಿಗೆ ಎರಡು ಮೊನೆಗಳು ಎರಡೆಂದು ತಿಳಿಯಲು ಮೂರು ಮಿಲಿಮೀಟರ್ ಅಂತರ ಸಾಕು. ವೈದ್ಯರು ಅಂತರ ಹೆಚ್ಚಿಸುತ್ತ ಹೋದರು. ಅವನು ಕಣ್ಣು ಮುಚ್ಚಿಕೊಂಡು “ಒಂದು, ಒಂದು, ಒಂದು” ಎನ್ನುತ್ತ ಹೋದ. “ಎರಡು” ಎಂದಾಗ ವೈದ್ಯರು ಅಳತೆಯನ್ನು ಗಟ್ಟಿಯಾಗಿ ಓದಿದರು, ಹೆಡ್ ಕಾನ್‌ಸ್ಟೇಬಲ್ ಬರೆದುಕೊಂಡ. ಬಲಗೈ ತೋರುಬೆರಳು, 14.5 ಮಿಲಿಮೀಟರ್.