ಚಂಪವ್ವನ ಕೊರಳಪಟ್ಟಿ

ಕೊರಳಪಟ್ಟಿ ಗುಂಯ್ ಎಂದಿತು. ಚಂಪವ್ವ ಬಾಯಿಗೆ ಬಂದ ಮಾತನ್ನು ಉಗುಳಲೂ ಆಗದೆ ನುಂಗಲೂ ಆಗದೆ ಕಣ್ಣು ಕಣ್ಣು ಬಿಟ್ಟಳು. ಪಕ್ಕದಲ್ಲಿ ಕೂತ ಎಂಟು ವರ್ಷದ ಮೊಮ್ಮಗಳು ಇಂಚರ ‘ಕಪ್ಪೆಚಿಪ್ಪು’ ಎಂಬ ಪದದ ಮೇಲೆ ಬೆರಳಿಟ್ಟು, “ಕ... ಕಪ್...” ಎಂದು ನಿಂತುಬಿಟ್ಟಿದ್ದಳು. ಒಂದು ಸೆಕೆಂಡಾಯಿತು, ಎರಡಾಯಿತು. ಅಜ್ಜಿಯ ನಾಲಿಗೆ ಮತ್ತೆ ತುರಿಸಿತು. ಪಟ್ಟಿ ಮತ್ತೆ ಗುಂಯ್ ಎಂದಿತು. ಅಷ್ಟರಲ್ಲಿ ಹುಡುಗಿ ಪುಸ್ತಕವನ್ನು ಪಟ್ಟನೆ ಮುಚ್ಚಿ ಹಿತ್ತಲಿಗೆ ಓಡಿದಳು.

“ಇದೇನ್ ನನ್ನ ಕೊಳ್ಳಿಗೆ ಕಟ್ಟೀರಿ ಡಾಕ್ಟರವ್ವಾ? ತುಡುಗು ದನಕ್ಕ ಮರದ ಗುದ್ದಿ ಕಟ್ಟಿದಂಗ! ಓದಾಕ ಬರದಾಕಿ ಅಕಿ, ಶಿಕ್ಷಾ ನನಗ!”

ಎದುರಿಗೆ ಕೂತಿದ್ದ ಡಾ. ಜರೀನಾ ನದಾಫ ನಕ್ಕರು. ಆ ಪಟ್ಟಿ ಅವರದೇ ಸೃಷ್ಟಿ. ನಾವು ಮಾತಾಡುವ ಮುನ್ನವೇ ಮೆದುಳು ಗಂಟಲಿನ ಸ್ನಾಯುಗಳಿಗೆ ಸಣ್ಣದೊಂದು ವಿದ್ಯುತ್ ಸಂಕೇತ ಕಳಿಸುತ್ತದೆ. ಪಟ್ಟಿ ಅದನ್ನು ಹಿಡಿಯುತ್ತದೆ. ಪುಸ್ತಕದ ಸ್ಟ್ಯಾಂಡಿನಲ್ಲಿದ್ದ ಸಾಸಿವೆ ಕಾಳಿನಷ್ಟು ಕ್ಯಾಮೆರಾ ಓದುವ ಮಗುವಿನ ಕಣ್ಣುಗುಡ್ಡೆಯನ್ನು ಗಮನಿಸುತ್ತಿರುತ್ತದೆ. ಕಣ್ಣು ಇನ್ನೂ ಅಕ್ಷರದ ಮೇಲೆ ಹರಿದಾಡುತ್ತಿರುವಾಗ ಪಕ್ಕದ ದೊಡ್ಡವರು ಬಾಯಿ ಹಾಕಲು ಹೊರಟರೆ ಪಟ್ಟಿ ಗುಂಯ್ ಎನ್ನುತ್ತದೆ. ಮಗು ನಿಜವಾಗಿ ಸೋತು ಪುಟದಿಂದ ಕಣ್ಣು ಕಿತ್ತರೆ ಹಸಿರು ದೀಪ ಹತ್ತುತ್ತದೆ, ಆಗ ಹೇಳಿಕೊಡಬಹುದು. ಮಕ್ಕಳ ಓದಿಗೆಂದು ಸಾವಿರ ಯಂತ್ರಗಳಿದ್ದ ಕಾಲದಲ್ಲಿ, ದೊಡ್ಡವರಿಗೆ ತೊಡಿಸುವ ಯಂತ್ರ ಇದೊಂದೇ.

ಅದು 2064. ಗದಗಿನ ಬಸ್ಸಿನ ಬೋರ್ಡು, ಔಷಧದ ಬಾಟಲಿ, ಮದುವೆಯ ಕರೆಯೋಲೆ ಎಲ್ಲವೂ ತಮ್ಮನ್ನು ತಾವೇ ಓದಿ ಹೇಳುತ್ತಿದ್ದವು. ಹೀಗಿರುವಾಗ ಓದು ಬಾರದ ಮಗುವನ್ನು ಹಿಂಸಿಸುವುದೇಕೆ ಎಂದು ದೊಡ್ಡವರೆಲ್ಲ ಕರುಣೆಯಿಂದಲೇ ಒಂದು ನಿಯಮ ಮಾಡಿದ್ದರು. ಶಾಲೆಯ ಮೂರನೆಯ ಇಯತ್ತೆಯಲ್ಲಿ, ಯುಗಾದಿಯೊಳಗೆ, ಹಿಂದೆ ಕಾಣದ ಪುಟವೊಂದನ್ನು ತಾನೇ ಓದದ ಮಗು ‘ಕೇಳು ವಿಭಾಗ’ಕ್ಕೆ ಹೋಗಬೇಕು. ಅಲ್ಲಿ ಪುಸ್ತಕವಿರುವುದಿಲ್ಲ. ಹೋದವರು ಮರಳಿ ಬಂದದ್ದೂ ಇರಲಿಲ್ಲ. ಯುಗಾದಿಗೆ ಎರಡು ತಿಂಗಳಷ್ಟೇ ಉಳಿದಿತ್ತು. ಚಂಪವ್ವನಿಗೆ ಅನ್ನ ಸೇರದಾಗಿತ್ತು.

ಇಂಚರ ದಡ್ಡಿಯೇನಲ್ಲ. ಎರಡು ವರ್ಷ ಇಡೀ ಶಾಲೆಯ ಕಣ್ಣಿಗೇ ಮಣ್ಣೆರಚಿದವಳು. ಅಜ್ಜಿ ಒಮ್ಮೆ ಓದಿದ ಪಾಠವನ್ನು ಬಾಯಿಪಾಠ ಮಾಡಿಕೊಂಡು, ಸರಿಯಾದ ಜಾಗದಲ್ಲಿ ಪುಟ ತಿರುವುತ್ತ, ಬೆರಳನ್ನೂ ಓಡಿಸುತ್ತಿದ್ದಳು. ಒಂದು ದಿನ ಬೆಲ್ಲ ಮೆತ್ತಿ ಎರಡು ಪುಟ ಅಂಟಿಕೊಂಡಿದ್ದವು. ಹುಡುಗಿ ಒಳಗೆ ಅಡಗಿದ್ದ ಪುಟಗಳನ್ನೂ ಬಿಡದೆ ‘ಓದಿ’ ಸಿಕ್ಕಿಬಿದ್ದಳು. ಅಂದಿನಿಂದ ಪುಸ್ತಕ ಕಂಡರೆ ಮೈಯುರಿ. ಅವಳು ಬಚ್ಚಿಟ್ಟ ಪುಸ್ತಕವೊಂದು ಜೋಳದ ಹಿಟ್ಟಿನ ಡಬ್ಬಿಯಲ್ಲೂ ಸಿಕ್ಕಿತ್ತು.

“ಚಂಪಕ್ಕಾ, ನೀವು ಸಿಟ್ಟಾಗಬಾರದು,” ಎಂದು ಜರೀನಾ ಪರದೆಯ ಮೇಲೆ ಅಂಕಿಗಳನ್ನು ತೋರಿಸಿದರು. “ಹೋದ ವಾರ ಪಟ್ಟಿ ಗುಂಯ್ ಅನ್ನದಂಗ ಮಾಡಿ, ಬರೇ ಅಳತಿ ತಗೊಂಡಿದ್ದೆ. ಹುಡುಗಿ ನಿಂತ ಮ್ಯಾಲ ಅರ್ಧ ಸೆಕೆಂಡಿನ ಒಳಗ ನೀವು ಪದ ಹೇಳಿಬಿಡ್ತೀರಿ. ಅಕಿಗೆ ಬೇಕಾಗಿರೋದು ಮೂರು ಸೆಕೆಂಡು. ಈಗ ಅಕಿ ಕಣ್ಣು ಪುಸ್ತಕದಾಗ ಇರೂದ ಕಡಿಮಿ. ನಿಮ್ಮ ತುಟಿ ಮ್ಯಾಲ ಇರ್ತಾವು.”

ಚಂಪವ್ವನ ಮುಖ ಹುಳ್ಳಗಾಯಿತು. ಇಪ್ಪತ್ತು ವರ್ಷ ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದವಳು ಅವಳು. ಪರದೆಯ ಮರೆಯಲ್ಲಿ ಹಸ್ತಪ್ರತಿ ಹಿಡಿದು ನಿಂತು, ನಟ ತಡವರಿಸಿದರೆ ಮಾತು ಎತ್ತಿಕೊಡುವುದೇ ಅವಳ ಅನ್ನ. ಚಂಪವ್ವ ಇದ್ದಲ್ಲಿ ರಂಗದ ಮೇಲೆ ತಡವರಿಕೆಯೇ ಇಲ್ಲ ಎಂದು ಮಾಲೀಕರು ಬೀಗುತ್ತಿದ್ದರು. ಅದೇ ಹೆಮ್ಮೆಯನ್ನು ಅವಳು ಮೊಮ್ಮಗಳ ಪಕ್ಕಕ್ಕೂ ತಂದು ಕೂರಿಸಿದ್ದಳು.

ಸಿಟ್ಟು ಇಳಿದ ಮೇಲೆ ಒಂದು ಹಳೆಯ ನಾಟಕ ಪ್ರಯೋಗ ನೆನಪಾಯಿತು. ಅವಳಿನ್ನೂ ಹೊಸಬಳು. ಮಗ ಸತ್ತ ಸುದ್ದಿ ಕೇಳಿದ ರಾಜನ ಪಾತ್ರಧಾರಿ ಸುಮ್ಮನೆ ನಿಂತುಬಿಟ್ಟ. ಮರೆತನೆಂದು ತಿಳಿದು ಇವಳು ಮರೆಯಿಂದ, “ಅಯ್ಯೋ ಮಗನೇ!” ಎಂದು ಜೋರಾಗಿಯೇ ಎತ್ತಿಕೊಟ್ಟಳು. ಮುಂದಿನ ಸಾಲಿನವರು ಗೊಳ್ಳೆಂದು ನಕ್ಕರು. ಪರದೆ ಬಿದ್ದ ಮೇಲೆ ಆ ನಟ ಬೈಯಲಿಲ್ಲ. “ಚಂಪಾ, ನಾ ಮರ್ತಿರಲಿಲ್ಲವ್ವಾ. ನಾ ಅಲ್ಲೇ ಇದ್ದೆ,” ಎಂದಷ್ಟೇ ಹೇಳಿದ. ಆ ದಿನದಿಂದ ಅವಳು ನಟರ ಕಣ್ಣು ನೋಡುವುದನ್ನು ಕಲಿತಳು. ಮರೆತವನ ಕಣ್ಣು ಪ್ರಾಂಪ್ಟರನ್ನು ಹುಡುಕುತ್ತದೆ, ಪಾತ್ರದಲ್ಲಿ ಇರುವವನದು ಹುಡುಕುವುದಿಲ್ಲ. ಯಾರು ಯಾರದೋ ಮೌನಕ್ಕೆ ಕೊಟ್ಟ ಆ ಮರ್ಯಾದೆಯನ್ನು ಮನೆಯ ಕೂಸಿಗೆ ಕೊಡಲಿಲ್ಲವಲ್ಲ ಎಂದುಕೊಂಡಳು.

ಮರುದಿನದಿಂದ ಚಂಪವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೂತಳು. “ಅಜ್ಜೀ, ಹಲ್ಲು ನೋವೇನ?” ಎಂದಳು ಇಂಚರ. “ಹೂಂ, ನಾಲಿಗಿ ನೋವು. ನೀ ಓದವ್ವಾ.” ಮೊದಲ ದಿನ ಪಟ್ಟಿ ನಲವತ್ತು ಸಲ ಗುಂಯ್ ಎಂದಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ತನಗೆ ತಾನೇ ಬೈದುಕೊಂಡಳು. ನೋಡಲು ತುಟಿಯಿಲ್ಲದೆ ಹುಡುಗಿ ಅತ್ತಳು, ಪುಸ್ತಕ ಒಗೆದಳು, ಆಮೇಲೆ ತಾನೇ ಎತ್ತಿಕೊಂಡು ಬಂದಳು. ಒಂಬತ್ತನೆಯ ದಿನ ಅದೇ ಕಪ್ಪೆಚಿಪ್ಪಿನ ಮುಂದೆ ನಿಂತು, ತುಟಿ ಕಚ್ಚಿ, ಕಣ್ಣನ್ನು ಒತ್ತಕ್ಷರದವರೆಗೆ ಇಳಿಸಿ ಮತ್ತೆ ಏರಿಸಿ, ನಾಲ್ಕು ಸೆಕೆಂಡಿನ ಮೇಲೆ, “ಕಪ್ಪೆ... ಚಿಪ್ಪು! ಅಜ್ಜೀ, ಕಪ್ಪೆಚಿಪ್ಪು!” ಎಂದು ಕೂಗಿದಳು. ತಾನೇ ಸಮುದ್ರದಲ್ಲಿ ಮುಳುಗಿ ತಂದವಳ ಹಾಗೆ ಬೀಗುತ್ತಿದ್ದಳು. ಚಂಪವ್ವ ಸೆರಗಿನೊಳಗೇ ಅತ್ತಳು.

ಪರೀಕ್ಷೆಯ ದಿನ ಪಟ್ಟಿ ತೊಡುವಂತಿರಲಿಲ್ಲ. ಮನೆಯವರು ಪಕ್ಕದ ಬೆಂಚಿನಲ್ಲಿ ಕೂರಬಹುದಿತ್ತು. ಹಿಂದೆ ಕಾಣದ ಪುಟದಲ್ಲಿ ಇಂಚರ ನಿಧಾನವಾಗಿ ಸಾಗಿ, ಕೊನೆಯ ಸಾಲಿಗೆ ಬಂದು ‘ಹೆಬ್ಬಾಗಿಲು’ ಎಂಬಲ್ಲಿ ನಿಂತಳು. ಪರೀಕ್ಷೆ ನಡೆಸುತ್ತಿದ್ದ, ಒಳ್ಳೆಯ ಮನಸ್ಸಿನ ಶಾಲೆಯ ಅಕ್ಕೋರು ಪಾಪ ಎನಿಸಿ ಬಾಯಿ ತೆರೆದರು. ಹೇಳಿಕೊಟ್ಟರೆ ಆ ಪುಟ ಲೆಕ್ಕಕ್ಕಿಲ್ಲ. ಚಂಪವ್ವ ಮೊಮ್ಮಗಳ ಕಣ್ಣು ನೋಡಿದಳು. ಅವು ಅಕ್ಷರದ ಮೇಲೇ ಇದ್ದವು.

“ತಡೀರಿ ಅಕ್ಕೋರ,” ಎಂದು ಕೈ ಮುಗಿದಳು. “ಅಕಿ ಅಲ್ಲೇ ಅದಾಳ.”

ಅಕ್ಕೋರು ತಡೆದರು. ಹುಡುಗಿ ಹೆಬ್ಬಾಗಿಲನ್ನು ದಾಟಿದಳು.

ಪಟ್ಟಿ ಮರಳಿಸಲು ಹೋದಾಗ ಚಂಪವ್ವ ಜರೀನಾರ ಎರಡೂ ಕೈ ಹಿಡಿದುಕೊಂಡಳು. “ನಿಮ್ಮ ಹೊಟ್ಟಿ ತಣ್ಣಗಿರಲಿ ತಾಯಿ. ನಮ್ಮ ಕೂಸಿಗೆ ಅಕ್ಷರ ಕೊಟ್ರಿ.”

“ನನ್ನ ಯಂತ್ರಕ್ಕ ಗೊತ್ತಿರೋದು ಒಂದ ಮಾತು ಅಕ್ಕಾ, ಕೂಸು ಇನ್ನೂ ಹುಡುಕಾಕತ್ತೈತಿ ಅನ್ನೋದು. ತಾಳಿದ್ದು ನೀವು.”

ಮನೆಗೆ ನಡೆಯುತ್ತ ಚಂಪವ್ವನಿಗೆ ತಮ್ಮ ಬಸವಂತ ನೆನಪಾದ. ಈಗ ಮುಂಡರಗಿಯಲ್ಲಿ ಖಾನಾವಳಿ ನಡೆಸುತ್ತಾನೆ, ಗಿರಾಕಿಗಳ ಹೆಸರು ನೂರು ನೆನಪಿಟ್ಟಿದ್ದಾನೆ, ಬರೆದದ್ದನ್ನು ಮಾತ್ರ ಓದಲಾರ. ಅವನು ಮೂರನೆಯ ಇಯತ್ತೆಯಲ್ಲಿದ್ದದ್ದು 2025ರಲ್ಲಿ. ಪಕ್ಕದಲ್ಲಿ ಕೂತು ಪಾಠ ಹೇಳುತ್ತಿದ್ದವಳು ಇವಳೇ. ಅವನು ನಿಂತರೆ ಪದ ಹೇಳಿ, ತಲೆಗೊಂದು ಮೊಟಕುತ್ತಿದ್ದಳು. ಶಾಲೆಯಲ್ಲಿ ಉಳಿದ ಹುಡುಗರು ಕೂಡಿಯೇ ಆ ಪದವನ್ನು ಕೂಗಿಬಿಡುತ್ತಿದ್ದರು. ಆಗ ಕೊರಳಪಟ್ಟಿ ಇರಲಿಲ್ಲ, ನಿಜ. ಆದರೆ ಮೂರು ಸೆಕೆಂಡುಗಳು ಆಗಲೂ ಇದ್ದವು, ಪ್ರತಿ ಮನೆಯಲ್ಲೂ, ಪ್ರತಿ ತರಗತಿಯಲ್ಲೂ.

ರಸ್ತೆಯಲ್ಲೇ ನಿಂತು ಅವನಿಗೆ ಫೋನ್ ಮಾಡಿದಳು. “ಬಸವಂತಾ, ನೀ ದಡ್ಡ ಇರಲಿಲ್ಲೋ. ನಿನ್ನ ಬಾಯಾಗಿನ ಮಾತು ನಾನ ಕಸಗೊಂಡೆ. ತಪ್ಪಾತೋ ತಮ್ಮಾ.”

ಆ ಕಡೆಯಿಂದ ಒಗ್ಗರಣೆಯ ಚಟಪಟ ಮಾತ್ರ ಕೇಳುತ್ತಿತ್ತು. ಚಂಪವ್ವನಿಗೆ ಏನಾದರೂ ಅನ್ನಬೇಕೆನಿಸಿತು. ಅನ್ನಲಿಲ್ಲ. ಕೊನೆಗೆ ನಲವತ್ತೆಂಟು ವರ್ಷದ ತಮ್ಮ ಕೇಳಿದ:

“ಅಕ್ಕಾ, ಒಂದ್ ಪುಸ್ತಕ ತಗೊಂಡ ಬಾ. ನಾ ಓದೋತನಕ ಸುಮ್ನ ಕುಂದ್ರತೀಯೇನು?”